ಎಚ್‌ಐವಿ ಜೊತೆಗೆ ಸಿಫಿಲಿಸ್ ಬಂದರೆ: ಕೊಡಗಿನ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಆಪ್ತಸಮಾಲೋಚಕಿಯಾಗಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಎಚ್‌ಐವಿ ಬಗ್ಗೆ ಜನ ಈಗ ಅಷ್ಟಿಷ್ಟು ಬಾಯಿ ಬಿಡುತ್ತಾರೆ. ಮಾತ್ರೆಯ ಹೆಸರು, ಸಿಡಿ4 ಲೆಕ್ಕ (ಮೈಯ ರಕ್ಷಣಾ ಕಣಗಳ ಎಣಿಕೆ), ವೈರಲ್ ಲೋಡ್ (ರಕ್ತದಲ್ಲಿ ಎಚ್‌ಐವಿ ಎಷ್ಟಿದೆ ಅನ್ನುವ ಅಳತೆ) ಎಲ್ಲ ನಾಲಗೆ ತುದಿಯಲ್ಲಿ ಇರುತ್ತದೆ. ಸಿಫಿಲಿಸ್ ಅಂದ ಕೂಡಲೇ ಮಾತು ನಿಂತುಬಿಡುತ್ತದೆ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಇಟ್ಟು ಹೋದವರಿದ್ದಾರೆ. "ನನ್ನ ಸ್ನೇಹಿತನಿಗೆ ಒಂದು ತೊಂದರೆ" ಅಂತ ಫೋನಿನಲ್ಲಿ ಶುರು ಮಾಡಿದವರಿದ್ದಾರೆ.

ಹಾಗೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಸ್ವಲ್ಪ ತಲೆ ಕೆಡಿಸುವಂಥವು. ಎಲ್ಲವನ್ನೂ ಓದಬೇಕಾಗಿಲ್ಲ, ನಿಮ್ಮದು ಯಾವುದೋ ಅದನ್ನು ಓದಿ. ಆದರೆ ಮೈಯಲ್ಲಿ ಏನಾದರೂ ಕಾಣಿಸಿಕೊಂಡಿದ್ದರೆ, ಓದಿ ಮುಗಿಸಿದ ಮೇಲೆ ಡಾಕ್ಟರ ಹತ್ತಿರ ಹೋಗಲೇಬೇಕು.

## ಶುರುವಿನ ಪ್ರಶ್ನೆಗಳು

ಸಿಫಿಲಿಸ್ ಅಂದ್ರೆ ಏನು? ಅದು ತಾತನ ಕಾಲದ ಕಾಯಿಲೆ ಅಲ್ವಾ?

ಹಳೆಯದು ನಿಜ. 16ನೇ ಶತಮಾನದ 'ಭಾವಪ್ರಕಾಶ' ಎಂಬ ಆಯುರ್ವೇದ ಗ್ರಂಥದಲ್ಲೇ ಇದನ್ನು ಫಿರಂಗ ರೋಗ ಅಂತ ಕರೆದಿದ್ದಾರೆ. ಪರಂಗಿಯವರ ಜೊತೆ ಬಂದ ರೋಗ ಅಂತ ಆ ಹೆಸರು. ಆದರೆ ಹಳೆಯದಾದ ಮಾತ್ರಕ್ಕೆ ಹೊರಟುಹೋಗಿಲ್ಲ.

ಇದಕ್ಕೆ ಕಾರಣ ಟ್ರೆಪೊನೆಮಾ ಪ್ಯಾಲಿಡಮ್ ಎಂಬ ಬ್ಯಾಕ್ಟೀರಿಯಾ. ಬಾಟಲಿಯ ಬಿರಡೆ ತೆಗೆಯುವ ಸುರುಳಿ ಕಡ್ಡಿಯ ಹಾಗೆ ಅದರ ಆಕಾರ. 1905ರಲ್ಲಿ ಜರ್ಮನಿಯಲ್ಲಿ ಇದನ್ನು ಮೊದಲು ಗುರುತಿಸಿದರು. ಎಚ್‌ಐವಿ ವೈರಸ್, ಇದು ಬ್ಯಾಕ್ಟೀರಿಯಾ. ಈ ವ್ಯತ್ಯಾಸ ಚೆನ್ನಾಗಿ ನೆನಪಿರಲಿ, ಯಾಕೆಂದರೆ ಎಚ್‌ಐವಿಯನ್ನು ನಾವು ಮಾತ್ರೆಯಿಂದ ಹಿಡಿತದಲ್ಲಿ ಇಟ್ಟುಕೊಳ್ಳುತ್ತೇವೆ, ಸಿಫಿಲಿಸನ್ನು ಪೂರ್ತಿ ವಾಸಿ ಮಾಡಬಹುದು.

ಹುಣ್ಣು ತಾನಾಗೇ ಮಾಯ್ತು. ಹಾಗಾದ್ರೆ ಕಾಯಿಲೆ ಹೋಯ್ತು ಅಂತ ತಾನೇ?

ಅಲ್ಲ. ಈ ಕಾಯಿಲೆ ಜನರನ್ನು ಮೋಸ ಮಾಡುವುದೇ ಇಲ್ಲಿ.

ಸೋಂಕು ತಗುಲಿ ಸುಮಾರು 3 ವಾರಕ್ಕೆ ಒಂದು ಹುಣ್ಣು ಬರುತ್ತದೆ. 10 ದಿನಕ್ಕೂ ಬರಬಹುದು, 90 ದಿನವೂ ಹಿಡಿಯಬಹುದು. ಜನನಾಂಗದ ಮೇಲೆ, ಗುದದ್ವಾರದಲ್ಲಿ, ಕೆಲವರಿಗೆ ಬಾಯಲ್ಲಿ. ಮುಟ್ಟಿದರೆ ಗಟ್ಟಿ, ಆದರೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಹೆಂಗಸರಿಗೆ ಒಳಗಡೆ ಆದರೆ ಗೊತ್ತೇ ಆಗುವುದಿಲ್ಲ. ಕೆಲವು ವಾರದಲ್ಲಿ ಏನೂ ಮಾಡದೆ ಮಾಯುತ್ತದೆ. ಅಷ್ಟರಲ್ಲಿ ಬ್ಯಾಕ್ಟೀರಿಯಾ ರಕ್ತ ಸೇರಿರುತ್ತದೆ.

ಆಮೇಲೆ ಎರಡನೇ ಹಂತ: ಮೈಮೇಲೆ ಕಲೆ, ಸಣ್ಣ ಜ್ವರ, ಗಂಟಲು ನೋವು, ಅಲ್ಲಲ್ಲಿ ಗಡ್ಡೆ, ಕೂದಲು ತೇಪೆ ತೇಪೆಯಾಗಿ ಉದುರುವುದು. ಅದೂ ತಾನಾಗಿ ಹೋಗುತ್ತದೆ. ನಂತರ ವರ್ಷಗಟ್ಟಲೆ ಸದ್ದಿಲ್ಲ. ರಕ್ತ ಪರೀಕ್ಷೆಯಲ್ಲಿ ಬಿಟ್ಟು ಬೇರೆಲ್ಲೂ ಕಾಣಿಸುವುದಿಲ್ಲ. ಚಿಕಿತ್ಸೆ ಸಿಗದ ಕೆಲವರಿಗೆ ಎಷ್ಟೋ ವರ್ಷದ ನಂತರ ಹೃದಯದ ದೊಡ್ಡ ರಕ್ತನಾಳಕ್ಕೆ, ಮೂಳೆಗೆ, ಮೆದುಳಿಗೆ ಪೆಟ್ಟು ಕೊಡುತ್ತದೆ.

ಎಚ್‌ಐವಿ ಇರುವವರಲ್ಲಿ ಈ ಹಂತಗಳು ಒಂದರ ಮೇಲೊಂದು ಬರಬಹುದು. ಮೊದಲ ಹುಣ್ಣು ಮಾಯುವ ಮುಂಚೆಯೇ ಮೈಮೇಲೆ ಕಲೆ ಬರಬಹುದು. ಒಂದೇ ಹುಣ್ಣಿನ ಬದಲು ಎರಡು ಮೂರು ಇರುವುದೂ ಉಂಟು.

ಅಂಗೈಯಲ್ಲಿ ಚುಕ್ಕೆ ಎದ್ದಿದೆ. ಕಾಫಿ ಕುಯ್ದಿದ್ದಕ್ಕೆ ಆಗಿದ್ದು ಅನ್ಕೊಂಡಿದ್ದೆ. ಹೇಗೆ ಗೊತ್ತಾಗೋದು?

ಈ ಪ್ರಶ್ನೆ ಕೇಳಿದ ಅಕ್ಕನ ಕೈ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಜನವರಿ ತಿಂಗಳು, ಕೊಯ್ಲಿನ ಮಧ್ಯೆ ಅರ್ಧ ದಿನ ರಜೆ ಹಾಕಿ ಬಂದಿದ್ದರು. ಬೆರಳ ಸಂದಿಯೆಲ್ಲ ಕಾಫಿ ಹಣ್ಣಿನ ಕರೆ ಹಿಡಿದು ಕಪ್ಪಾಗಿತ್ತು. ಆ ಕಪ್ಪಿನ ನಡುವೆ, ಅಂಗೈಯಲ್ಲಿ, ತಾಮ್ರದ ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು. ಕೆಲವು ಕಡೆ ಅಂಚಿನಲ್ಲಿ ಸಿಪ್ಪೆ ಏಳುತ್ತಿತ್ತು. "ತುರಿಸುತ್ತಾ ಅಕ್ಕ?" ಅಂತ ಕೇಳಿದೆ. "ಇಲ್ಲ, ಅದೇ ಆಶ್ಚರ್ಯ" ಅಂದರು. ಚಪ್ಪಲಿ ಬಿಡಿ ಅಂದೆ. ಅಂಗಾಲಲ್ಲೂ ಇತ್ತು.

ಕರೆ, ಔಷಧಿ ಸಿಂಪಡಣೆ, ಬೋರ್ಡೋ ದ್ರಾವಣ ಇವುಗಳಿಂದ ಆಗುವ ಅಲರ್ಜಿ ಸಾಮಾನ್ಯವಾಗಿ ತುರಿಸುತ್ತದೆ, ಅದು ತಗುಲಿದ ಜಾಗದಲ್ಲೇ ಇರುತ್ತದೆ. ಸಿಫಿಲಿಸ್ ಕಲೆ ಸಾಮಾನ್ಯವಾಗಿ ತುರಿಸುವುದಿಲ್ಲ. ಅಂಗೈ, ಅಂಗಾಲು ಎರಡರಲ್ಲೂ ಒಟ್ಟಿಗೆ ಬಂದರೆ ಅನುಮಾನ ಪಡಲೇಬೇಕು. ಸುಮ್ನೆ ನೋಡಿ ಖಚಿತವಾಗಿ ಹೇಳಲು ಡಾಕ್ಟರಿಗೂ ಆಗುವುದಿಲ್ಲ, ರಕ್ತ ಪರೀಕ್ಷೆಯೇ ಆಗಬೇಕು. ಆ ಅಕ್ಕನಿಗೆ ಪರೀಕ್ಷೆಯಲ್ಲಿ ಸಿಫಿಲಿಸ್ ಅಂತಲೇ ಬಂತು. ಇಂಜೆಕ್ಷನ್ ಆದ ಮೇಲೆ, ಕೊಯ್ಲು ಮುಗಿಯುವ ಹೊತ್ತಿಗೆ ಕೈ ತಿಳಿಯಾಗಿತ್ತು.

ಮಳೆಗಾಲದಲ್ಲಿ ಇಂಬಳ ಕಚ್ಚುತ್ತೆ. ಒಬ್ಬರನ್ನ ಕಚ್ಚಿದ್ದು ಇನ್ನೊಬ್ಬರನ್ನ ಕಚ್ಚಿದ್ರೆ ಹರಡುತ್ತಾ?

ಹೆದರಬೇಡಿ. ಇಂಬಳ, ಸೊಳ್ಳೆ, ತಿಗಣೆ ಇವುಗಳಿಂದ ಎಚ್‌ಐವಿ ಆಗಲಿ ಸಿಫಿಲಿಸ್ ಆಗಲಿ ಹರಡುವುದಿಲ್ಲ. ತೋಟದ ಕಾರ್ಮಿಕರ ಲೈನ್ ಮನೆಯ ಒಂದೇ ಶೌಚಾಲಯ, ಒಂದೇ ತಟ್ಟೆ ಲೋಟ, ಒಂದೇ ಹಾಸಿಗೆಯಲ್ಲಿ ಮಲಗುವುದು ಇವುಗಳಿಂದಲೂ ಇಲ್ಲ. ಸಿಫಿಲಿಸ್ ಬ್ಯಾಕ್ಟೀರಿಯಾ ಮೈಯಿಂದ ಹೊರಗೆ ಬಹಳ ಹೊತ್ತು ಬದುಕುವುದಿಲ್ಲ.

ಹರಡುವುದು ಹುಣ್ಣಿನ ನೇರ ಸಂಪರ್ಕದಿಂದ. ಲೈಂಗಿಕ ಸಂಪರ್ಕ ಅದರಲ್ಲಿ ಮುಖ್ಯ, ಬಾಯಿಯ ಮೂಲಕ ಮಾಡುವುದೂ ಸೇರಿದ ಹಾಗೆ. ಬಸುರಿಯಿಂದ ಮಗುವಿಗೆ ಹೋಗುತ್ತದೆ. ಪರೀಕ್ಷೆ ಮಾಡದ ರಕ್ತದಿಂದಲೂ ಹೋಗಬಹುದು, ಅದಕ್ಕೇ ನಮ್ಮ ದೇಶದ ರಕ್ತನಿಧಿಗಳಲ್ಲಿ ಪ್ರತಿ ಬಾಟಲಿಯನ್ನೂ ಎಚ್‌ಐವಿ, ಎರಡು ಬಗೆಯ ಹೆಪಟೈಟಿಸ್, ಮಲೇರಿಯಾ ಜೊತೆಗೆ ಸಿಫಿಲಿಸ್‌ಗೂ ಪರೀಕ್ಷೆ ಮಾಡುತ್ತಾರೆ. ರಕ್ತದಾನ ಶಿಬಿರಕ್ಕೆ ಹೋಗಿ, ಆಮೇಲೆ ಫೋನ್ ಬಂದು ವಿಷಯ ಗೊತ್ತಾದವರನ್ನು ನಾನು ನೋಡಿದ್ದೇನೆ.

ಕಾಂಡೋಮ್ ಒಳ್ಳೆಯ ರಕ್ಷಣೆ. ಆದರೆ ಹುಣ್ಣು ಅದರ ಹೊರಗಿದ್ದರೆ ಅದು ಪೂರ್ತಿ ತಡೆಯುವುದಿಲ್ಲ.

ನನಗೆ ಸಿಫಿಲಿಸ್ ಮಾತ್ರ ಅಂದ್ರು. ಎಚ್‌ಐವಿ ಟೆಸ್ಟ್ ಯಾಕೆ ಮಾಡಿಸಬೇಕು?

ಎರಡೂ ಒಂದೇ ದಾರಿಯಲ್ಲಿ ಬರುತ್ತವೆ. ಅದರ ಮೇಲೆ, ಸಿಫಿಲಿಸ್ ಹುಣ್ಣು ಅಂದರೆ ಚರ್ಮ ಬಿರಿದ ಜಾಗ, ಎಚ್‌ಐವಿಗೆ ಒಳಗೆ ಬರಲು ತೆರೆದ ಬಾಗಿಲು. ಇನ್ನೂ ಒಂದಿದೆ. ಹುಣ್ಣಿನ ಹತ್ತಿರ ಜಗಳ ಬಿಡಿಸಲು ಅಂತ ಮೈಯ ರಕ್ಷಣಾ ಕಣಗಳು ಬಂದು ಗುಂಪು ಸೇರುತ್ತವೆ. ಎಚ್‌ಐವಿ ಹಿಡಿಯುವುದು ಅಂಥ ಕಣಗಳನ್ನೇ.

ಇವತ್ತಿನ ಪರೀಕ್ಷೆಯಲ್ಲಿ ಎಚ್‌ಐವಿ ಇಲ್ಲ ಅಂತ ಬಂದರೂ 3 ತಿಂಗಳ ನಂತರ ಇನ್ನೊಮ್ಮೆ ಮಾಡಿಸಿ. ಹೊಸದಾಗಿ ತಗುಲಿದ್ದು ತಕ್ಷಣ ಕಾಣಿಸದೇ ಇರಬಹುದು.

## ಮೈಯ ರೋಗನಿರೋಧಕ ಶಕ್ತಿಯ ಬಗ್ಗೆ

ಸಿಫಿಲಿಸ್ ಬಂದ್ರೆ ಸಿಡಿ4 ಇಳಿಯುತ್ತಾ?

ಇಳಿಯಬಹುದು. ಎಚ್‌ಐವಿ ಇರುವವರು ಈ ಉತ್ತರವನ್ನು ನಿಧಾನವಾಗಿ ಓದಬೇಕು ಅಂತ ನನ್ನ ಕೋರಿಕೆ.

ಸಿಡಿ4 ಕಣಗಳು ಮೈಯ ಕಾವಲು ಪಡೆಗೆ ಅಪ್ಪಣೆ ಕೊಡುವ ಕಣಗಳು. ಎಚ್‌ಐವಿ ಬೆಳೆಯುವುದು ಇವುಗಳ ಒಳಗೆ. ಸಿಫಿಲಿಸ್ ಬಂದಾಗ ಮೈ ಎಚ್ಚೆತ್ತು ಈ ಕಣಗಳನ್ನು ಚುರುಕು ಮಾಡುತ್ತದೆ. ಚುರುಕಾದ ಸಿಡಿ4 ಕಣದಲ್ಲಿ ಎಚ್‌ಐವಿ ಇನ್ನೂ ಬೇಗ ಬೆಳೆಯುತ್ತದೆ. ಹೀಗಾಗಿ ಸಿಫಿಲಿಸ್ ಇರುವಷ್ಟು ದಿನ ವೈರಲ್ ಲೋಡ್ ಸ್ವಲ್ಪ ಏರಿ, ಸಿಡಿ4 ಸ್ವಲ್ಪ ಇಳಿಯಬಹುದು. ಮೊದಲ ಮತ್ತು ಎರಡನೇ ಹಂತದಲ್ಲಿ, ಅದರಲ್ಲೂ ಎಚ್‌ಐವಿ ಮಾತ್ರೆ ತೆಗೆದುಕೊಳ್ಳದವರಲ್ಲಿ ಇದು ಜಾಸ್ತಿ. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡೂ ಸೋಂಕು ಇದ್ದ 52 ಗಂಡಸರನ್ನು ನೋಡಿದ್ದರು. ಸಿಫಿಲಿಸ್ ಇದ್ದಾಗ ಅವರ ಸಿಡಿ4 ಲೆಕ್ಕ ಸರಾಸರಿ 62 ಕಣಗಳಷ್ಟು ಇಳಿದಿತ್ತು.

62 ಅಂದರೆ ಎಷ್ಟು? 700 ಇದ್ದವರಿಗೆ ದೊಡ್ಡದೇನಲ್ಲ. 230 ಇದ್ದವರಿಗೆ ದೊಡ್ಡದೇ. 200ರ ಕೆಳಗೆ ಹೋದರೆ ನ್ಯುಮೋನಿಯಾದಂಥ ಬೇರೆ ಸೋಂಕುಗಳ ಭಯ ಶುರುವಾಗುತ್ತದೆ.

ಒಳ್ಳೆಯ ಸುದ್ದಿಯೂ ಇದೆ. ಸಿಫಿಲಿಸ್‌ಗೆ ಇಂಜೆಕ್ಷನ್ ಆದ ಮೇಲೆ ಸಿಡಿ4 ಮತ್ತೆ ಮೇಲೇರುತ್ತದೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಸಿಡಿ4 ಇಳಿದ ಚೀಟಿ ಕೈಗೆ ಬಂದ ಕೂಡಲೇ "ಮಾತ್ರೆ ಕೆಲಸ ಮಾಡ್ತಿಲ್ಲ" ಅಂತ ಕೈಚೆಲ್ಲಿದವರನ್ನು, ಮಾತ್ರೆಯನ್ನೇ ನಿಲ್ಲಿಸಿದವರನ್ನು ಕಂಡು ನನಗೆ ಬಹಳ ಸಂಕಟವಾಗಿದೆ. ಸಿಡಿ4 ಒಂದು ಸಣ್ಣ ಜ್ವರಕ್ಕೂ ಏರುಪೇರಾಗುತ್ತದೆ, ಒಂದೇ ದಿನದಲ್ಲಿ ಬೆಳಿಗ್ಗೆಗೂ ಸಂಜೆಗೂ ಬೇರೆ ಇರುತ್ತದೆ. ಇಳಿದಿದ್ದರೆ "ವಿಡಿಆರ್‌ಎಲ್ ಮಾಡಿಸಿದ್ದೀವಾ?" ಅಂತ ಡಾಕ್ಟರನ್ನು ಕೇಳಿ, ಅದು ಸಿಫಿಲಿಸ್ ಇದೆಯೇ ಅಂತ ನೋಡುವ ರಕ್ತ ಪರೀಕ್ಷೆ. ಮಾತ್ರೆ ಮಾತ್ರ ಬಿಡಬೇಡಿ.

ನನ್ನ ವೈರಲ್ ಲೋಡ್ ಕಾಣಿಸ್ತಾನೇ ಇಲ್ಲ. ಸಿಫಿಲಿಸ್ ಬಂದ್ರೆ ಹೆಂಡತಿಗೆ ಎಚ್‌ಐವಿ ಹರಡುತ್ತಾ?

ಮಾತ್ರೆಯನ್ನು ತಪ್ಪದೆ ತೆಗೆದುಕೊಂಡು ವೈರಲ್ ಲೋಡ್ ಕಾಣಿಸದ ಮಟ್ಟದಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಎಚ್‌ಐವಿ ಹರಡುವುದಿಲ್ಲ. ಸಿಫಿಲಿಸ್ ಬಂದಾಗಲೂ ಈ ಮಾತು ನಿಲ್ಲುತ್ತದೆ. ಯುರೋಪಿನಲ್ಲಿ ನಡೆದ ಪಾರ್ಟ್ನರ್ ಅಧ್ಯಯನದ ಎರಡನೇ ಹಂತದ ಫಲಿತಾಂಶ 2019ರಲ್ಲಿ ಬಂತು. ಅದರಲ್ಲಿ ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ 782 ಗಂಡು-ಗಂಡು ಜೋಡಿಗಳಿದ್ದವು. ಅವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆ ಅವಧಿಯಲ್ಲಿ ಯಾವುದಾದರೊಂದು ಲೈಂಗಿಕ ಸೋಂಕು ಬಂದಿತ್ತು. ಹಾಗಿದ್ದೂ ಮಾತ್ರೆಯಿಂದ ವೈರಸ್ ಅಡಗಿದ್ದವರಿಂದ ಸಂಗಾತಿಗೆ ಒಂದು ಸಲವೂ ಎಚ್‌ಐವಿ ಹರಡಲಿಲ್ಲ.

ಆದರೆ ಸಿಫಿಲಿಸ್ ಹರಡುತ್ತದೆ! ಎಚ್‌ಐವಿ ಮಾತ್ರೆ ಬ್ಯಾಕ್ಟೀರಿಯಾವನ್ನು ಏನೂ ಮಾಡುವುದಿಲ್ಲ. ಹಾಗಾಗಿ ನಿಮ್ಮ ಹೆಂಡತಿಗೂ ಸಿಫಿಲಿಸ್ ಪರೀಕ್ಷೆ ಆಗಬೇಕು.

ಒಂದು ಸಲ ಬಂದು ವಾಸಿ ಆದ್ರೆ ಸಿಡುಬಿನ ಹಾಗೆ ಮತ್ತೆ ಬರಲ್ಲ ತಾನೇ?

ಮತ್ತೆ ಬರುತ್ತದೆ, ಎಷ್ಟು ಸಲ ಬೇಕಾದರೂ. ಈ ಬ್ಯಾಕ್ಟೀರಿಯಾದ ಹೊರಮೈಯಲ್ಲಿ ನಮ್ಮ ಕಾವಲು ಪಡೆಗೆ ಗುರುತು ಸಿಗುವಂಥ ಪ್ರೋಟೀನು ಬಹಳ ಕಡಿಮೆ. ಇರುವ ಒಂದೆರಡನ್ನೂ ಅದು ಬದಲಾಯಿಸುತ್ತಾ ಇರುತ್ತದೆ, ಕಳ್ಳ ದಿನಕ್ಕೊಂದು ಅಂಗಿ ಹಾಕಿದ ಹಾಗೆ. ಲಸಿಕೆ ಇನ್ನೂ ಇಲ್ಲ.

ಕಕ್ಕಡ ಮಾಸದಲ್ಲಿ ಮದ್ದು ಸೊಪ್ಪಿನ ಪಾಯಸ ತಿಂತೀವಿ. ಅದರಿಂದ ಇಮ್ಯೂನಿಟಿ ಬಂದು ಇದು ಹೋಗಲ್ವಾ?

ಆಗಸ್ಟ್ 3ರ ಹೊತ್ತಿಗೆ, ಕಕ್ಕಡದ 18ನೇ ದಿನ, ಮನೆಮನೆಯಲ್ಲಿ ಆ ನೇರಳೆ ಬಣ್ಣ, ಆ ಘಮ. ಅದನ್ನು ಬಿಡಿ ಅಂತ ನಾನು ಯಾವತ್ತೂ ಹೇಳುವುದಿಲ್ಲ, ನಾನೂ ತಿನ್ನುತ್ತೇನೆ. ತಿಂದ ಮೇಲೆ ಮೂತ್ರಕ್ಕೆ ಬಣ್ಣ ಬಂದರೆ ಗಾಬರಿಯೂ ಬೇಡ. ಆದರೆ ಸಿಫಿಲಿಸ್ ಬ್ಯಾಕ್ಟೀರಿಯಾವನ್ನು ಸಾಯಿಸುವುದು ಪೆನಿಸಿಲಿನ್. ಸೊಪ್ಪು, ಕಷಾಯ, ಜೇನು, ಪೇಟೆಯಲ್ಲಿ ಸಿಗುವ ಇಮ್ಯೂನಿಟಿ ಪುಡಿ ಯಾವುದೂ ಅಲ್ಲ. ಮನೆಮದ್ದು ನಂಬಿ ಆರು ತಿಂಗಳು ಕಳೆದರೆ ಆ ಆರು ತಿಂಗಳು ಕಾಯಿಲೆ ಒಳಗೇ ಇಳಿಯುತ್ತಿರುತ್ತದೆ.

## ಪರೀಕ್ಷೆಯ ಬಗ್ಗೆ

ಚೀಟಿಯಲ್ಲಿ 1:32 ಅಂತ ಬರೆದಿದ್ದಾರೆ. ಇದೇನು ಲೆಕ್ಕ?

ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಪರೀಕ್ಷೆಯಲ್ಲಿ ನಿಮ್ಮ ರಕ್ತದ ನೀರನ್ನು ತೆಳು ಮಾಡುತ್ತಾ ಹೋಗುತ್ತಾರೆ. ಮೊದಲು ಹಾಗೇ, ಆಮೇಲೆ ಎರಡರಷ್ಟು, ನಾಲ್ಕರಷ್ಟು, ಎಂಟರಷ್ಟು. ಮಜ್ಜಿಗೆಗೆ ನೀರು ಬೆರೆಸುತ್ತಾ ಎಲ್ಲಿವರೆಗೆ ಹುಳಿ ಸಿಗುತ್ತೆ ಅಂತ ನೋಡಿದ ಹಾಗೆ. 1:32 ಅಂದರೆ 32ರಷ್ಟು ತೆಳು ಮಾಡಿದಾಗಲೂ ಪರೀಕ್ಷೆ ಪಾಸಿಟಿವ್ ಬಂತು. ಕೊನೆಯ ಅಂಕಿ ದೊಡ್ಡದಾದಷ್ಟೂ ಸೋಂಕು ಚುರುಕಾಗಿರುವ ಸಾಧ್ಯತೆ ಜಾಸ್ತಿ.

ಈ ಪರೀಕ್ಷೆ ಬೇರೆ ಕಾರಣಕ್ಕೂ ಪಾಸಿಟಿವ್ ಬರಬಹುದು. ಮಲೇರಿಯಾ, ಕುಷ್ಠ, ಲೂಪಸ್, ಕೆಲವೊಮ್ಮೆ ಬಸುರು. ಅದಕ್ಕೇ ಟಿಪಿಎಚ್‌ಎ ಎಂಬ ಎರಡನೇ ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ. ಟಿಪಿಎಚ್‌ಎ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಆಗಿಯೇ ಉಳಿಯುತ್ತದೆ. ವಾಸಿಯಾದ ಮೇಲೂ. ಅದನ್ನು ನೋಡಿ "ಇನ್ನೂ ಹೋಗಿಲ್ಲ" ಅಂತ ಅಳುತ್ತಾ ಬಂದವರು ಎಷ್ಟೋ ಜನ. ಚಿಕಿತ್ಸೆ ಫಲಿಸಿದೆಯೋ ಇಲ್ಲವೋ ತಿಳಿಯಲು ನೋಡಬೇಕಾದ್ದು ವಿಡಿಆರ್‌ಎಲ್ ಅಂಕಿಯನ್ನು.

ಆ ಅಂಕಿಯನ್ನು ಹೋಲಿಸಬೇಕಾದರೆ ಪ್ರತಿ ಸಲ ಒಂದೇ ಬಗೆಯ ಪರೀಕ್ಷೆ, ಆದಷ್ಟೂ ಒಂದೇ ಲ್ಯಾಬ್ ಇರಲಿ. ಒಮ್ಮೆ ವಿಡಿಆರ್‌ಎಲ್, ಇನ್ನೊಮ್ಮೆ ಆರ್‌ಪಿಆರ್ ಮಾಡಿಸಿದರೆ ಲೆಕ್ಕ ಹೊಂದುವುದಿಲ್ಲ. ಹಳೆಯ ಚೀಟಿ ಎಸೆಯಬೇಡಿ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ನಮ್ಮ ಮಳೆಗೆ ಕಾಗದ ಬೂಸ್ಟು ಹಿಡಿದು, ಮುಖ್ಯವಾದ ಅಂಕಿಯೇ ಅಳಿಸಿಹೋಗಿರುತ್ತದೆ.

ಏನೂ ತೊಂದರೆ ಇಲ್ಲ. ಆದ್ರೂ ಪರೀಕ್ಷೆ ಬೇಕಾ?

ಎಚ್‌ಐವಿ ಇದ್ದರೆ ಬೇಕು. ಗೊತ್ತಾದ ಹೊಸದರಲ್ಲಿ ಒಮ್ಮೆ, ಆಮೇಲೆ ವರ್ಷಕ್ಕೆ ಒಮ್ಮೆಯಾದರೂ. ಹೊಸ ಸಂಗಾತಿ ಇದ್ದರೆ, ಒಬ್ಬರಿಗಿಂತ ಹೆಚ್ಚು ಸಂಗಾತಿಗಳಿದ್ದರೆ 3ರಿಂದ 6 ತಿಂಗಳಿಗೆ ಒಮ್ಮೆ. ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೇಗೂ ಹೋಗುತ್ತೀರಿ, ಅದೇ ದಿನ ಕೇಳಿ ಮಾಡಿಸಿಕೊಳ್ಳಿ.

ಎಲ್ಲಿಗೆ ಹೋಗಲಿ? ನಮ್ಮೂರಲ್ಲಿ ಆಸ್ಪತ್ರೆ ಬಾಗಿಲಲ್ಲಿ ನಿಂತ್ರೂ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತೆ.

ಈ ಭಯ ಸುಳ್ಳಲ್ಲ. ಕೊಡಗು ಚಿಕ್ಕ ಜಿಲ್ಲೆ, ಬಸ್ಸಿನಲ್ಲಿ ಪಕ್ಕ ಕೂತವರು ಮನೆತನದ ಹೆಸರು ಕೇಳಿದರೆ ಸಂಬಂಧ ಹೊರಡುತ್ತದೆ. ನಾನು ಇದನ್ನು ಯಾವತ್ತೂ ಹಗುರವಾಗಿ ತೆಗೆದುಕೊಂಡಿಲ್ಲ.

ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆ, ಆಪ್ತಸಮಾಲೋಚನೆ, ಎಆರ್‌ಟಿ ಮಾತ್ರೆ ಎಲ್ಲ ಉಚಿತ. ಲೈಂಗಿಕ ಸೋಂಕಿಗೆ ಅಂತಲೇ ಇರುವ ಸರ್ಕಾರಿ ಕ್ಲಿನಿಕ್ಕಿಗೆ ಸುರಕ್ಷಾ ಕ್ಲಿನಿಕ್ ಅಂತ ಹೆಸರು. ಊರಿನ ಹತ್ತಿರ ಬೇಡ ಅನಿಸಿದರೆ ಮೈಸೂರು, ಮಂಗಳೂರು, ಹಾಸನ ಎಲ್ಲಿ ಬೇಕಾದರೂ ಹೋಗಬಹುದು. ಮೊದಲು ಸುಮ್ನೆ ಮಾತಾಡಬೇಕು ಅನಿಸಿದರೆ 1097ಕ್ಕೆ ಫೋನ್ ಮಾಡಿ. ಉಚಿತ. ಹೆಸರು ಹೇಳಬೇಕಾಗಿಲ್ಲ.

ಕಾನೂನು ನಿಮ್ಮ ಪರ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವ ಹಾಗಿಲ್ಲ, ನಿಮ್ಮ ವಿಷಯ ಬೇರೆಯವರಿಗೆ ಹೇಳುವ ಹಾಗಿಲ್ಲ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡು ಬಾ ಅಂತ ತೋಟದ ಸಾಹುಕಾರರೂ ಹೇಳುವ ಹಾಗಿಲ್ಲ, ತೋಟದ ಲೆಕ್ಕ ಬರೆಯುವ ರೈಟರೂ ಹೇಳುವ ಹಾಗಿಲ್ಲ.

ಹಿಂದೊಮ್ಮೆ ಒಂದು ಕಡೆ, ಕಾಯುವವರ ಸಾಲಿನ ಎದುರೇ ಒಬ್ಬ ಹುಡುಗನ ಫಲಿತಾಂಶವನ್ನು ಗಟ್ಟಿಯಾಗಿ ಓದಿಬಿಟ್ಟರು. ಅವನು ತಲೆ ತಗ್ಗಿಸಿ ಎದ್ದು ಹೋದವನು ಮತ್ತೆ ಒಂದು ವರ್ಷ ಬರಲಿಲ್ಲ. ಬಂದಾಗ ಸಿಡಿ4 ತುಂಬ ಕೆಳಗಿಳಿದಿತ್ತು. ಹಾಗೆ ಯಾರಾದರೂ ಮಾಡಿದರೆ ಸುಮ್ಮನಿರಬೇಡಿ. ನಮ್ಮಂಥ ಸಮಾಲೋಚಕರಿಗೆ ಹೇಳಿ, ದೂರು ಕೊಡಲು ನಾವು ಜೊತೆಗಿರುತ್ತೇವೆ.

## ಚಿಕಿತ್ಸೆಯ ಬಗ್ಗೆ

ಎಷ್ಟು ಇಂಜೆಕ್ಷನ್? ಎಚ್‌ಐವಿ ಇದ್ರೆ ಜಾಸ್ತಿ ಬೇಕಾಗುತ್ತಾ?

ಔಷಧಿ ಬೆಂಜಥೀನ್ ಪೆನಿಸಿಲಿನ್. ಸೋಂಕು ಹೊಸದಾಗಿದ್ದರೆ 24 ಲಕ್ಷ ಯೂನಿಟ್ ಒಂದೇ ಸಲ, ಸಾಮಾನ್ಯವಾಗಿ ಎರಡೂ ಪೃಷ್ಠಕ್ಕೆ ಅರ್ಧರ್ಧ ಹಂಚಿ. ತುಂಬ ಹಿಂದಿನದಾಗಿದ್ದರೆ ಅಥವಾ ಯಾವಾಗ ತಗುಲಿತು ಅಂತ ಗೊತ್ತಿಲ್ಲದಿದ್ದರೆ ವಾರಕ್ಕೆ ಒಂದರಂತೆ ಮೂರು ವಾರ. ಎಚ್‌ಐವಿ ಇದ್ದರೂ ಇದೇ ಲೆಕ್ಕ, ಹೆಚ್ಚು ಬೇಡ. ಆದರೆ ಆಮೇಲಿನ ಪರೀಕ್ಷೆಗಳು ಜಾಸ್ತಿ ಸಲ ಬೇಕು.

ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಔಷಧಿ ಮಂದವಾಗಿರುತ್ತದೆ, ನಿಧಾನಕ್ಕೆ ಚುಚ್ಚಬೇಕಾಗುತ್ತದೆ. ಒಂದೆರಡು ದಿನ ಕೂರಲು ಕಷ್ಟ. ಹೃದಯದ ಕವಾಟದ ತೊಂದರೆ ಇರುವ ಮಕ್ಕಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಕೊಡುವುದೂ ಇದೇ ಇಂಜೆಕ್ಷನ್. ಯಾರಾದರೂ ನೋಡಿದರೆ, ಕೇಳಿದರೆ, ಈ ಇಂಜೆಕ್ಷನ್ ಸಿಫಿಲಿಸ್‌ಗೇ ಅಂತ ಹಣೆಬರಹ ಬರೆದಿರುವುದಿಲ್ಲ.

1943ರಲ್ಲಿ ಮೊದಲ ಬಾರಿಗೆ ಸಿಫಿಲಿಸ್‌ಗೆ ಪೆನಿಸಿಲಿನ್ ಕೊಟ್ಟರು. ಅವತ್ತಿನಿಂದ ಇವತ್ತಿನವರೆಗೂ ಈ ಬ್ಯಾಕ್ಟೀರಿಯಾ ಪೆನಿಸಿಲಿನ್‌ಗೆ ಬಗ್ಗುತ್ತಲೇ ಇದೆ. ಅಜಿಥ್ರೋಮೈಸಿನ್ ಮಾತ್ರೆಗೆ ಹಾಗಲ್ಲ, ಅದಕ್ಕೆ ಜಗ್ಗದ ತಳಿಗಳು ಹಲವು ದೇಶಗಳಲ್ಲಿ ಬಂದಿವೆ. ಅದಕ್ಕೇ ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗಿ ಸುಮ್ಮನಾಗಬೇಡಿ.

ಇಂಜೆಕ್ಷನ್ ಹಾಕಿಸ್ಕೊಂಡ ರಾತ್ರಿ ಚಳಿ ಜ್ವರ ಬಂತು. ಔಷಧಿ ಒಗ್ಗಲಿಲ್ವಾ?

ಬ್ಯಾಕ್ಟೀರಿಯಾಗಳು ಒಟ್ಟಿಗೆ ಸಾಯುವಾಗ ಮೈ ಹೀಗೆ ಕಾಯುತ್ತದೆ. 24 ಗಂಟೆಯೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದು ತಾನಾಗಿ ಹೋಗುತ್ತದೆ. ಪ್ಯಾರಾಸಿಟಮಾಲ್ ಸಾಕು. ಉಸಿರು ಕಟ್ಟಿದರೆ, ಮುಖ ಊದಿಕೊಂಡರೆ, ಮೈಯೆಲ್ಲ ದದ್ದು ಎದ್ದರೆ ಅದು ಅಲರ್ಜಿ. ಕೂಡಲೇ ಆಸ್ಪತ್ರೆಗೆ ಓಡಬೇಕು. ಅಂಥದ್ದು ಸಾಮಾನ್ಯವಾಗಿ ಇಂಜೆಕ್ಷನ್ ಆದ ಸ್ವಲ್ಪ ಹೊತ್ತಿನಲ್ಲೇ ಆಗುತ್ತದೆ, ಅದಕ್ಕೇ ಅರ್ಧ ಗಂಟೆ ಕೂರಿ ಅಂತ ಹೇಳುವುದು. ಬಸ್ಸಿಗೆ ಹೊತ್ತಾಯಿತು ಅಂತ ಎದ್ದುಬಿಡಬೇಡಿ.

ಎರಡನೇ ವಾರ ಮಳೆ, ರಸ್ತೆ ಬಂದ್. ಮತ್ತೆ ಮೊದಲಿಂದ ಶುರು ಮಾಡಬೇಕಾ?

2018ರ ಆಗಸ್ಟ್ ನೆನಪಿದೆಯಲ್ಲ. ಗುಡ್ಡ ಕುಸಿದು ಮಡಿಕೇರಿಗೆ ದಾರಿಯೇ ಇರಲಿಲ್ಲ. ಹಾಗಾಗಿ ಇದು ನಮಗೆ ನಿಜವಾದ ಪ್ರಶ್ನೆ.

ಎರಡು ಇಂಜೆಕ್ಷನ್ ನಡುವೆ 7ರಿಂದ 9 ದಿನ ಇದ್ದರೆ ಒಳ್ಳೆಯದು. 10ರಿಂದ 14 ದಿನ ಆದರೂ ಸಾಮಾನ್ಯವಾಗಿ ಮುಂದುವರಿಸಬಹುದು. ಅದಕ್ಕಿಂತ ಜಾಸ್ತಿಯಾದರೆ ಮೊದಲಿನಿಂದ ಶುರು ಮಾಡಬೇಕಾಗಬಹುದು, ಡಾಕ್ಟರು ಹೇಳುತ್ತಾರೆ. ಬಸುರಿಯರಿಗೆ ಈ ಸಡಿಲ ಇಲ್ಲ, 9 ದಿನ ದಾಟಬಾರದು. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಮೂರು ವಾರದ ಚಿಕಿತ್ಸೆ ಶುರುವಾದರೆ, ಎರಡನೇ ಮೂರನೇ ಇಂಜೆಕ್ಷನ್ ನಿಮ್ಮ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುತ್ತದೆಯೇ ಅಂತ ಮೊದಲೇ ವಿಚಾರಿಸಿ, ಚೀಟಿ ಬರೆಸಿಕೊಳ್ಳಿ.

ಪೆನಿಸಿಲಿನ್ ಆಗಿಬರಲ್ಲ. ಬೇರೆ ದಾರಿ ಇದೆಯಾ?

ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ. ಹೊಸ ಸೋಂಕಿಗೆ 14 ದಿನ, ಹಳೆಯದಕ್ಕೆ 28 ದಿನ. ತುಂಬ ನೀರಿನ ಜೊತೆ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತದೆ. ಬಸುರಿಯರಿಗೆ ಇದನ್ನು ಕೊಡುವುದಿಲ್ಲ. ಅವರಿಗೆ ಅಲರ್ಜಿ ಇದ್ದರೆ ಆಸ್ಪತ್ರೆಯಲ್ಲಿ ಸೇರಿಸಿಕೊಂಡು ಚೂರು ಚೂರೇ ಕೊಟ್ಟು ಒಗ್ಗಿಸಿ ಪೆನಿಸಿಲಿನ್ನನ್ನೇ ಕೊಡುತ್ತಾರೆ.

ಎಚ್‌ಐವಿ ಮಾತ್ರೆ ಜೊತೆಗೆ ಇದು ಹೊಂದುತ್ತಾ? ಅದನ್ನ ಸ್ವಲ್ಪ ದಿನ ನಿಲ್ಲಿಸ್ಲಾ?

ನಿಲ್ಲಿಸಬೇಡಿ. ಪೆನಿಸಿಲಿನ್, ಡಾಕ್ಸಿಸೈಕ್ಲಿನ್ ಎರಡೂ ಈಗ ಕೊಡುವ ಮಾತ್ರೆಗೆ ಅಡ್ಡ ಬರುವುದಿಲ್ಲ. ನೋಡಿಕೊಳ್ಳಬೇಕಾದ್ದು ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು, ಗ್ಯಾಸ್ಟ್ರಿಕ್‌ಗೆ ತೆಗೆದುಕೊಳ್ಳುವ ಆಂಟಾಸಿಡ್‌ಗಳನ್ನು. ಇವು ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧಿ ಮೈಗೆ ಹತ್ತದ ಹಾಗೆ ಮಾಡುತ್ತವೆ, ಡಾಕ್ಸಿಸೈಕ್ಲಿನ್‌ಗೂ ಅದೇ ಕಥೆ. ಯಾವುದನ್ನು ಎಷ್ಟು ಹೊತ್ತಿಗೆ ಅಂತ ಮಾತ್ರೆ ಕೊಡುವವರ ಹತ್ತಿರ ಕೇಳಿ ಬರೆಸಿಕೊಳ್ಳಿ.

ನಾನು ಬಸುರಿ. ತಾಯಿ ಕಾರ್ಡಲ್ಲಿ ಎಚ್‌ಐವಿ ಅಂತಿದೆ, ಈಗ ಇದೂ ಅಂತಿದ್ದಾರೆ. ಮಗು ಉಳಿಯುತ್ತಾ?

ಉಳಿಯುತ್ತದೆ, ಬೇಗ ಇಂಜೆಕ್ಷನ್ ಆದರೆ. ಚಿಕಿತ್ಸೆ ಇಲ್ಲದ ಸಿಫಿಲಿಸ್ ಗರ್ಭಪಾತಕ್ಕೆ, ಹೊಟ್ಟೆಯಲ್ಲೇ ಮಗು ಸಾಯುವುದಕ್ಕೆ, ಹುಟ್ಟಿದ ಮಗುವಿಗೆ ಮೂಳೆ, ಕಣ್ಣು, ಕಿವಿಯ ತೊಂದರೆಗೆ ಕಾರಣವಾಗುತ್ತದೆ. ಹೆರಿಗೆಗೆ 30 ದಿನಕ್ಕಿಂತ ಮುಂಚೆ ಪೆನಿಸಿಲಿನ್ ಶುರುವಾಗಿರಬೇಕು. ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಎಚ್‌ಐವಿ ಮಾತ್ರೆಯನ್ನೂ ತಪ್ಪದೆ ತೆಗೆದುಕೊಂಡರೆ ಎರಡು ಸೋಂಕೂ ಇಲ್ಲದ ಮಗು ಹುಟ್ಟಬಹುದು. ಅಂಥ ಮಕ್ಕಳನ್ನು ಎತ್ತಿ ಆಡಿಸಿದ್ದೇನೆ ತಂಗೀ, ಧೈರ್ಯವಾಗಿರು.

ಗಂಡನಿಗೂ ಹೇಳಲೇಬೇಕಾ? ಅವರಿಗೆ ಏನೂ ಆಗಿಲ್ವಲ್ಲ.

ಅವರಿಗೆ ಚಿಕಿತ್ಸೆ ಆಗದಿದ್ದರೆ ನಿಮಗೆ ಮತ್ತೆ ಬರುತ್ತದೆ. ಕಳೆದ 90 ದಿನದಲ್ಲಿ ನಿಮ್ಮ ಜೊತೆ ಸಂಪರ್ಕ ಇದ್ದವರಿಗೆ, ನಿಮ್ಮದು ಹೊಸ ಸೋಂಕಾಗಿದ್ದರೆ, ಪರೀಕ್ಷೆ ನೆಗೆಟಿವ್ ಬಂದರೂ ಇಂಜೆಕ್ಷನ್ ಕೊಡುತ್ತಾರೆ. ಹುಣ್ಣು ಪೂರ್ತಿ ಮಾಯುವವರೆಗೆ, ಇಬ್ಬರ ಚಿಕಿತ್ಸೆಯೂ ಮುಗಿಯುವವರೆಗೆ ಸೇರಬೇಡಿ. ಹೇಳಲು ಬಾಯಿ ಬರದಿದ್ದರೆ ಅವರನ್ನು ಕರೆದುಕೊಂಡು ಬನ್ನಿ, ನಾವು ಹೇಳುತ್ತೇವೆ. ಯಾರಿಂದ ಯಾರಿಗೆ ಬಂತು ಅಂತ ಪರೀಕ್ಷೆಯಿಂದ ಗೊತ್ತಾಗುವುದಿಲ್ಲ. ಹೇಳಿದರೆ ಹೊಡೆಯುತ್ತಾರೆ ಅನ್ನುವ ಭಯ ಇದ್ದರೆ ಮೊದಲು ಅದನ್ನು ನಮಗೆ ಹೇಳಿ.

## ಇನ್ನೂ ಆಳದ ಪ್ರಶ್ನೆಗಳು

ಕಣ್ಣು ಮಂಜಾಗಿದೆ, ಕಿವಿಯಲ್ಲಿ ಗುಂಯ್ ಅನ್ನುತ್ತೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಇರಬಹುದು, ಮತ್ತು ಇದು ಕಾಯುವ ವಿಷಯ ಅಲ್ಲ. ಮೆದುಳು, ಕಣ್ಣು, ಕಿವಿಗೆ ಸಿಫಿಲಿಸ್ ಹೋಗಲು ಹತ್ತಾರು ವರ್ಷ ಬೇಕು ಅಂತ ಹಲವರು ತಿಳಿದಿದ್ದಾರೆ. ಹಾಗೇನಿಲ್ಲ, ಯಾವ ಹಂತದಲ್ಲಾದರೂ ಹೋಗಬಹುದು. ಎಚ್‌ಐವಿ ಇರುವವರಲ್ಲಿ ಸಿಡಿ4 350 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ, ಆರ್‌ಪಿಆರ್ 1:32 ಅಥವಾ ಅದಕ್ಕಿಂತ ಮೇಲಿದ್ದಾಗ ಈ ಅಪಾಯ ಜಾಸ್ತಿ. ಎಆರ್‌ಟಿ ಸರಿಯಾಗಿ ತೆಗೆದುಕೊಳ್ಳುವವರಲ್ಲಿ ಕಡಿಮೆ.

ಕಣ್ಣು ಕೆಂಪಾಗಿ ನೋವು, ದೃಷ್ಟಿ ಮಂಜು, ಇದ್ದಕ್ಕಿದ್ದ ಹಾಗೆ ಕಿವಿ ಕೇಳಿಸದಿರುವುದು, ಬಿಡದ ತಲೆನೋವು, ಮುಖ ಒಂದು ಕಡೆ ಸೊಟ್ಟಗಾಗುವುದು, ಮರೆವು, ನಡಿಗೆಯಲ್ಲಿ ತೂರಾಟ. ಇವುಗಳಲ್ಲಿ ಯಾವುದಾದರೂ ಇದ್ದರೆ ಅದೇ ದಿನ ಹೊರಡಿ. ಡಾಕ್ಟರು ಬೆನ್ನಿನಿಂದ ಸ್ವಲ್ಪ ನೀರು ತೆಗೆದು ಪರೀಕ್ಷೆ ಮಾಡಬಹುದು. ಬೆನ್ನಿನ ನೀರು ತೆಗೆದರೆ ಕಾಲು ಹೋಗುತ್ತದೆ ಅಂತ ಹೆದರಿಸುವವರಿದ್ದಾರೆ, ನಂಬಬೇಡಿ. ಇಲ್ಲಿ ಪೃಷ್ಠಕ್ಕೆ ಕೊಡುವ ಇಂಜೆಕ್ಷನ್ ಸಾಲದು, ಯಾಕೆಂದರೆ ಆ ಔಷಧಿ ಮೆದುಳಿನ ನೀರಿಗೆ ಸಾಕಷ್ಟು ತಲುಪುವುದಿಲ್ಲ. ಆಸ್ಪತ್ರೆಯಲ್ಲಿ ಇದ್ದು 10ರಿಂದ 14 ದಿನ ರಕ್ತನಾಳದ ಮೂಲಕ ಬೇರೆ ಬಗೆಯ ಪೆನಿಸಿಲಿನ್ ತೆಗೆದುಕೊಳ್ಳಬೇಕು.

ಇಂಜೆಕ್ಷನ್ ಆಗಿ ವರ್ಷ ಆಯ್ತು. 1:32 ಇದ್ದದ್ದು 1:4ಕ್ಕೆ ಬಂದು ಅಲ್ಲೇ ನಿಂತಿದೆ. ಪೂರ್ತಿ ನೆಗೆಟಿವ್ ಯಾಕೆ ಆಗ್ತಿಲ್ಲ?

ಎಚ್‌ಐವಿ ಇರುವವರಿಗೆ ಚಿಕಿತ್ಸೆಯ ನಂತರ 3, 6, 9, 12 ಮತ್ತು 24ನೇ ತಿಂಗಳಲ್ಲಿ ಪರೀಕ್ಷೆ ಮಾಡುತ್ತಾರೆ. ನೋಡುವುದು ಅಂಕಿ ನಾಲ್ಕರಷ್ಟು ಇಳಿದಿದೆಯೇ ಅಂತ: 1:32ರಿಂದ 1:8 ಅಥವಾ ಅದಕ್ಕಿಂತ ಕೆಳಗೆ. ಹೊಸ ಸೋಂಕಿಗೆ 12 ತಿಂಗಳೊಳಗೆ, ಹಳೆಯದಕ್ಕೆ 24 ತಿಂಗಳೊಳಗೆ. ನಿಮ್ಮದು 1:4ಕ್ಕೆ ಬಂದಿದೆ, ಅಂದರೆ ಚಿಕಿತ್ಸೆ ಕೆಲಸ ಮಾಡಿದೆ. ಎಚ್‌ಐವಿ ಇರುವವರಲ್ಲಿ ಈ ಇಳಿತ ನಿಧಾನ ಆಗುವುದುಂಟು. ಕೆಲವರಿಗೆ ಕೊನೆಗೆ ಸಣ್ಣದೊಂದು ಅಂಕಿ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಅದು ಗಾಯ ಮಾಯ್ದ ಮೇಲೆ ಉಳಿದ ಕಲೆಯ ಹಾಗೆ. ಅದಕ್ಕೆ ಮತ್ತೆ ಮತ್ತೆ ಇಂಜೆಕ್ಷನ್ ಬೇಡ.

ಎಚ್ಚರ ಬೇಕಾದ್ದು ಅಂಕಿ ಮೇಲೇರಿದಾಗ. 1:4 ಇದ್ದದ್ದು 1:8 ಆದರೆ ಅದು ಪರೀಕ್ಷೆಯ ಸಣ್ಣ ಏರುಪೇರು ಇರಬಹುದು. 1:16 ಆದರೆ, ಮತ್ತೆ ಸೋಂಕು ತಗುಲಿದೆಯೇ ಅಥವಾ ಮೊದಲ ಚಿಕಿತ್ಸೆ ಸಾಲಲಿಲ್ಲವೇ ಅಂತ ಡಾಕ್ಟರು ಹುಡುಕುತ್ತಾರೆ, ಎಚ್‌ಐವಿ ವೈರಲ್ ಲೋಡನ್ನೂ ನೋಡುತ್ತಾರೆ. ಅವತ್ತು ಸಂಗಾತಿಯ ವಿಷಯ ಮುಚ್ಚಿಡಬೇಡಿ. ಹಳೆಯ ಚೀಟಿಗಳಿರುವ ಆ ಪ್ಲಾಸ್ಟಿಕ್ ಕವರನ್ನು ಮರೆಯದೆ ತನ್ನಿ.